ಜೋನಮ್ಮನ ಹಿತ್ತಲು ಎಲ್ಲಿಗೆ ಹೋಯ್ತು?

ಹಿರೇಕೊಡಿಗೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಮುಂದೆ ವಿಮಾನ ಬರುತ್ತದೆ, ಇಂಗ್ಲೆಂಡು ಬರುತ್ತದೆ, ಸಮುದ್ರವೂ ಬರುತ್ತದೆ. ಅವೆಲ್ಲ ಆಮೇಲೆ. ತಲೆ ತುಂಬ ಕೂದಲು, ಮೂಗು ಅಜ್ಜನದ್ದು, ಸಿಟ್ಟು ನನ್ನದು. ಹಾಲು ಕುಡಿಯುವಾಗ ಒಂದು ಕೈ ಮೇಲೆತ್ತಿ ಬೆರಳು ಆಡಿಸುತ್ತಾಳೆ, ಬಸ್ಸಿನ ಕಂಡಕ್ಟರ್ ರೈಟ್ ರೈಟ್ ಅಂದ ಹಾಗೆ. ಅದನ್ನು ನೋಡೋಕೆ ಒಬ್ಬಳು ಹೆಂಗಸು ಸಮುದ್ರ ದಾಟಿದಳು ಅಂದರೆ ಅದರಲ್ಲಿ ಆಶ್ಚರ್ಯ ಏನಿದೆ?

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಊರಿಗೆ ವಾಪಸು ಬಂದಾಗಿನಿಂದ ಕೊಪ್ಪದ ಬಸ್ ಸ್ಟಾಂಡಿನಲ್ಲಿ, ಸಂತೆಯಲ್ಲಿ, ಶೃಂಗೇರಿಯಲ್ಲಿ ಊಟದ ಸಾಲಿನಲ್ಲಿ ಕೂತಾಗ ಕೂಡ ಎಲ್ಲರೂ ಕೇಳುವುದು ಒಂದೇ, "ಇಂಗ್ಲೆಂಡ್ ಹೆಂಗಿದೆ ಮಾರಾಯ್ತಿ?" ನಾನು ಶುರು ಮಾಡಿ ಇನ್ನೂ ವಿಮಾನ ಹತ್ತಿರುವುದಿಲ್ಲ, ಅಷ್ಟರಲ್ಲಿ ಅವರ ಬಸ್ಸು ಬಂದಿರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನನಗೇ ಪೂರ್ತಿ ಅರ್ಥವಾಗದ ವಿಷಯ ಇದು. ಓದಿದವರಿಗೆ ಅರ್ಥವಾದರೆ ನನಗೂ ಹೇಳಿ.

ಮಗಳು ಸುಜಾತ ಇಂಗ್ಲೆಂಡಿನಲ್ಲಿ ವಯಸ್ಸಾದವರ ಆಶ್ರಮವೊಂದರಲ್ಲಿ ನರ್ಸು. ಅಳಿಯ ಗಿರೀಶ ಅಲ್ಲೇ ಒಂದು ಉಗ್ರಾಣದಲ್ಲಿ ಪೆಟ್ಟಿಗೆ ಎತ್ತಿಡುವ ಗಾಡಿ ಓಡಿಸುತ್ತಾನೆ. ಹೆರಿಗೆ ಆಯಿತು ಅಂತ ಫೋನು ಬಂದಾಗ ನಾನು ಕುಣಿದುಬಿಟ್ಟೆ. ಕುಣಿದದ್ದು ಸುಳ್ಳಲ್ಲ, ಒಲೆಯ ಮೇಲಿದ್ದ ಗಂಜಿ ಉಕ್ಕಿ ಸಾಕ್ಷಿ ಹೇಳಿತು. ಬಾಣಂತನಕ್ಕೆ ನಾನೇ ಹೋಗೋದು ಅಂತ ಮೊದಲೇ ಆಗಿತ್ತು, ವೀಸಾನೂ ಕೈಯಲ್ಲಿತ್ತು. ನಮ್ಮ ಮನೆಯವರು ದನ ಬಿಟ್ಟು ಬರಲ್ಲ ಅಂದರು. ಬಸ್ಸು ಹತ್ತಿಸುವಾಗ ಅವರು ಹೇಳಿದ್ದು ಒಂದೇ ಮಾತು.

"ಕೂಸಿನ ಹೊಕ್ಕುಳಬಳ್ಳಿ ಉದುರಿದ ತಕ್ಷಣ ಗಟ್ಟಿ ನೆಲ ನೋಡಿ ಹೂಳು. ಅಲ್ಲಿ ಇಲ್ಲಿ ಎಸೀಬೇಡಿ ಅಂತ ಸುಜಿಗೆ ಹೇಳು."

ನಮ್ಮ ಕಡೆ ಇದು ಗೊತ್ತಿದ್ದದ್ದೇ. ಒಣಗಿ ಉದುರಿದ ಹೊಕ್ಕುಳಬಳ್ಳಿಯನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ, ಮಗು ಬೆಳೆಯುವ ಮನೆಯ ಹತ್ತಿರವೇ ನೆಲದೊಳಗೆ ಇಡಬೇಕು. ನಾಯಿ ಕೆದರಬಾರದು, ನೀರು ಎಳೆಯಬಾರದು. ನಾವೇ ಆಗಲಿ ಒಮ್ಮೆ ಹೂತದ್ದನ್ನು ಮತ್ತೆ ತೆಗೆಯಬಾರದು. ಅದು ನಿಂತ ಕಡೆ ಮಗು ನಿಲ್ಲುತ್ತದೆ. ಅದು ಹರಿದು ಹೋದರೆ ಮಗು ದೊಡ್ಡದಾದ ಮೇಲೆ ಒಂದು ಕಡೆ ನೆಲೆ ಕಾಣದೆ ಊರೂರು ಅಲೆಯುತ್ತದೆ. ನನ್ನ ಅತ್ತೆ ಹೇಳಿದ್ದು, ಅವರ ಅತ್ತೆ ಅವರಿಗೆ ಹೇಳಿದ್ದು.

ವಿಮಾನದ ಕಿಟಕಿ

ವಿಮಾನದಲ್ಲಿ ನನಗೆ ಕಿಟಕಿ ಸಿಕ್ಕಿತು. ಎಷ್ಟೋ ಹೊತ್ತು ಬರೀ ಮೋಡ. ಆಮೇಲೆ ಕೆಳಗೆ ನೆಲ ಕಂಡಿತು. ಒಂದು ಮರ ಇಲ್ಲ, ಒಂದು ಮನೆ ಇಲ್ಲ. ಕೆಮ್ಮಣ್ಣಿನ ಬಣ್ಣದ ನೆಲದ ತುಂಬ ಗೆರೆ. ಸಣ್ಣ ಗೆರೆ ಹೋಗಿ ದೊಡ್ಡ ಗೆರೆಗೆ ಸೇರಿ, ಅದು ಇನ್ನೂ ದೊಡ್ಡದಕ್ಕೆ ಸೇರಿ, ಹಲಸಿನೆಲೆ ತಿರುಗಿಸಿ ನೋಡಿದರೆ ನರ ಕಾಣುತ್ತಲ್ಲ, ಹಾಗೆ.

ಪಕ್ಕದಲ್ಲಿ ಕೂತಿದ್ದ ಹುಡುಗಿ ಹಾಸನದವಳಂತೆ, ಓದೋಕೆ ಹೋಗುತ್ತಿದ್ದಳು. "ಇದನ್ನ ಯಾರು ಕಡಿದದ್ದು?" ಅಂತ ಕೇಳಿದೆ.

"ನೀರು ಅಜ್ಜಿ. ಮಳೆ ನೀರು ಕೊರೆದದ್ದು."

"ನೀರೇ ಕಾಣ್ತಿಲ್ವಲ್ಲೇ?"

"ಅದು ಮರುಭೂಮಿ. ಮಳೆ ಯಾವಾಗಲೋ ಒಂದ್ಸಲ ಬರತ್ತೆ. ಕೊರೆದು ಹೋಗತ್ತೆ."

ನಾನು ಗಾಜಿಗೆ ಮೂಗು ಹಚ್ಚಿ ನೋಡಿದೆ. ನಮ್ಮಲ್ಲಿ ವರ್ಷದಲ್ಲಿ ಅರ್ಧ ಕಾಲ ಸುರಿಯುತ್ತದೆ, ಆದರೂ ಗುಡ್ಡ ಹಸಿರು ಹೊದ್ದು ಗುಂಡಗೆ ಕೂತಿದೆ. ಇಲ್ಲಿ ನೀರೇ ಇಲ್ಲ, ನೆಲ ಪೂರ್ತಿ ನೀರು ಕಡಿದು ಬಿಟ್ಟ ಹಾಗಿದೆ. ಇದು ಹೇಗೆ ಅಂತ ಕೇಳಬೇಕು ಅಂದುಕೊಂಡೆ, ಹುಡುಗಿ ನಿದ್ದೆ ಹೋಗಿದ್ದಳು. ಈ ಪ್ರಯಾಣದಲ್ಲಿ ನನ್ನ ಗೊಂದಲ ಶುರುವಾದದ್ದು ಅಲ್ಲಿಂದ. ಇವತ್ತಿಗೂ ಮುಗಿದಿಲ್ಲ.

ಸುಜಾತನ ಮನೆ

ಮಗಳ ಊರು ಇಂಗ್ಲೆಂಡಿನ ಮೂಡಣ ಕಡಲ ಮೇಲೆ. ಹೆಸರು ನನ್ನ ಬಾಯಲ್ಲಿ ನಿಲ್ಲುವುದಿಲ್ಲ, ಬಿಡಿ. ನಾನು ಬಾಗಿಲು ದಾಟಿದ ಕೂಡಲೇ ಕೂಸು ಕಣ್ಣು ಬಿಟ್ಟು ನನ್ನ ಮುಖ ನೋಡಿ ಆಕಳಿಸಿತು. ಅಷ್ಟಕ್ಕೇ ನನಗೆ ದಾರಿಯ ಸುಸ್ತೆಲ್ಲ ಇಳಿಯಿತು. "ಅಜ್ಜಿ ಬಂದಳು ಅಂತ ಗೊತ್ತಾಯ್ತು ನೋಡು ಅವಳಿಗೆ" ಅಂದೆ. "ಅವಳಿಗೆ ಹಾಲು ಬಂತು ಅಂತ ಗೊತ್ತಾಗತ್ತೆ, ಅಷ್ಟೇ" ಅಂದಳು ಸುಜಾತ. ತಾಯಿಯಾದರೂ ನಾಲಿಗೆ ಹಾಗೇ ಇದೆ.

ಅಲ್ಲಿಯ ಜನರ ಒಂದೊಂದು ಅಭ್ಯಾಸ ನೋಡಿ ನನಗೆ ನಗು, ಸಿಟ್ಟು ಎರಡೂ. ಹಸುಗೂಸನ್ನು ಗಾಡಿಯಲ್ಲಿ ಹಾಕಿ ಚಳಿಯಲ್ಲಿ ತಿರುಗಿಸುತ್ತಾರೆ. ಗಾಳಿ ಮುಖಕ್ಕೆ ಹೊಡೆದರೆ ಒಳ್ಳೆಯದು ಅನ್ನುತ್ತಾರೆ. ನಾನು ಎಣ್ಣೆ ಹಚ್ಚಿ ಬಿಸಿನೀರು ಹೊಯ್ದರೆ ಸ್ನಾನದ ಮನೆಯಾಚೆ, ಹೊಗೆ ಕಂಡರೆ ಕೂಗುವ ಗಂಟೆ ಆವಿಗೇ ಬಡಿದುಕೊಂಡು, ಗಿರೀಶ ಟವೆಲ್ ಬೀಸುತ್ತ ಓಡಿ ಬಂದ. "ಅತ್ತೆ, ಇದು ಕೂಸಿಗೆ ಸ್ನಾನವೋ, ಭತ್ತ ಬೇಯಿಸೋದೋ?"

ಬಂದು ಕೆಲವೇ ದಿನಕ್ಕೆ ಹೊಕ್ಕುಳಬಳ್ಳಿ ಉದುರಿತು. ಕರ್ರಗೆ, ಒಣ ಮೆಣಸಿನ ತೊಟ್ಟಿನಷ್ಟು. ಅರಿಶಿನದ ಬಟ್ಟೆಯಲ್ಲಿ ಕಟ್ಟಿಕೊಂಡು ಹೊರಗೆ ಬಂದೆ. ಸುಜಾತನ ಮನೆ ಮಹಡಿಯ ಮೇಲೆ. ಕೆಳಗೆ ಹಿಂಬದಿ ಅಂಗಳಕ್ಕೆ ಪೂರ್ತಿ ಸಿಮೆಂಟು. ಮುಂದೆ ರಸ್ತೆ, ಅದಕ್ಕೂ ಟಾರು. ಒಂದು ಮುಷ್ಟಿ ಮಣ್ಣಿಲ್ಲ.

"ಪಾರ್ಕಿದೆಯಲ್ಲ?"

"ಪಾರ್ಕಲ್ಲಿ ಅಗೆದರೆ ಹಿಡ್ಕೊಂಡು ಹೋಗ್ತಾರೆ ಅಮ್ಮ. ಡಬ್ಬಿಯಲ್ಲಿಟ್ಟು ಊರಿಗೆ ತಗೊಂಡು ಹೋಗು, ಅಪ್ಪ ಹೂಳ್ಲಿ."

"ಕೂಸು ಬೆಳೆಯೋದು ಇಲ್ಲಿ. ಹಿರೇಕೊಡಿಗೆಯಲ್ಲಿ ಹೂತರೆ ಅದಕ್ಕೇನು ಸಿಗತ್ತೆ?"

ನಮ್ಮಿಬ್ಬರ ಜಗಳ ಬೇಲಿಯಾಚೆ ಕೇಳಿತು. ಅಲ್ಲಿಂದ ಒಂದು ಬಿಳಿ ತಲೆ ಎದ್ದಿತು. ಅದೇ ಜೋನಮ್ಮ.

ಜೋನಮ್ಮನ ಹಿತ್ತಲು

ಅವಳ ಹೆಸರು ಜೋನ್. ವಯಸ್ಸಾದವಳನ್ನು ಬರೀ ಹೆಸರು ಹಿಡಿದು ಕರೆಯೋಕೆ ನನಗೆ ಬಾಯಿ ಬರಲಿಲ್ಲ, ಒಂದು ಅಮ್ಮ ಸೇರಿಸಿದೆ. ಮೊದಲು ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡುತ್ತಿದ್ದಳಂತೆ. ಗಂಡ ತೀರಿಕೊಂಡಿದ್ದ. ಆ ಬೀದಿಯ ಕೊನೆಯ ಮನೆ ಅವಳದು. ಹಿಂದೆ ಹಿತ್ತಲು, ಹಿತ್ತಲಾಚೆ ಸಮುದ್ರ.

ಸುಜಾತ ವಿಷಯ ಹೇಳಿದಳು. ಜೋನಮ್ಮ ನನ್ನ ಕೈಯ ಹಳದಿ ಗಂಟನ್ನು ನೋಡಿ, ನನ್ನನ್ನು ನೋಡಿ, ಗೇಟು ತೆಗೆದಳು. ಹಿತ್ತಲಿನ ಮಧ್ಯೆ ಒಂದು ಮುಳ್ಳಿನ ಪೊದೆ. ಅದರ ಬುಡ ತೋರಿಸಿ ಏನೋ ಹೇಳಿ ಹೊಟ್ಟೆ ಹಿಡಿದು ನಕ್ಕಳು.

"ಏನಂತೆ?"

"ಅದು ಇಲ್ಲಿಯ ನೆಲ್ಲಿ ಅಂತೆ ಅಮ್ಮ. ಮಕ್ಕಳು ನಾನು ಎಲ್ಲಿಂದ ಬಂದೆ ಅಂತ ಕೇಳಿದರೆ, ಈ ಪೊದೆ ಬುಡದಲ್ಲಿ ಸಿಕ್ಕಿದೆ ಅಂತ ಇಲ್ಲಿಯವರು ಹೇಳ್ತಾರಂತೆ. ಎಲ್ಲರೂ ಇಲ್ಲಿಂದ ಮಗು ತಗೊಂಡು ಹೋಗ್ತಾರೆ, ನಿಮ್ಮಮ್ಮ ತಂದು ಹಾಕ್ತಿದ್ದಾರೆ ಅಂತಿದ್ದಾಳೆ."

ನೆಲ್ಲಿಮರ ಅಂದರೆ ನನಗೆ ಗೊತ್ತಿದ್ದದ್ದು ಬೇರೆ. ಇದು ಮೊಣಕಾಲಿಗೆ ಬರುವ ಪೊದೆ. ಇರಲಿ, ಬೇರು ಗಟ್ಟಿಯಾಗಿತ್ತು. ಮಣ್ಣು ನೋಡಿದೆ, ಕಂದು ಬಣ್ಣದ ಜೇಡಿ, ಕೈಗೆ ಅಂಟುವಂಥದ್ದು. ನಮ್ಮಲ್ಲಿ ಅಡಿಕೆ ಬುಡಕ್ಕೆ ಏರಿಸುವ ಹೊಸ ಮಣ್ಣಿಗೆ ಗೋಡು ಅನ್ನುತ್ತೇವೆ. ಹೆಂಗಸರು ಬುಟ್ಟಿಯಲ್ಲಿ ಹೊತ್ತು ಹಾಕಬೇಕು. ನಾನು ಹೊತ್ತ ಗೋಡು ಒಟ್ಟು ಮಾಡಿದರೆ ಒಂದು ಗುಡ್ಡ ಆದೀತು. ಇದು ಎ-ಒನ್ ಗೋಡುಮಣ್ಣು. ಖುಷಿಯಾಯಿತು. ಆಳವಾಗಿ ಗುಂಡಿ ತೆಗೆದು ಗಂಟನ್ನಿಟ್ಟು, ಒಂದು ಅಡಿಕೆ, ಎರಡು ಕಾಳು ಅಕ್ಕಿ ಹಾಕಿ ಮುಚ್ಚಿ, ಕಾಲಲ್ಲಿ ತುಳಿದು ಗಟ್ಟಿ ಮಾಡಿದೆ. ಜೋನಮ್ಮ ಕೂಡ ತನ್ನ ಗಮ್‌ಬೂಟಿನಲ್ಲಿ ಎರಡು ಸಲ ತುಳಿದಳು. ಆಮೇಲೆ ಚಹಾ ಕೊಟ್ಟಳು. ಹಾಲು ಹಾಕಿದ್ದಳು, ಆದರೆ ಕುದಿಸಿರಲಿಲ್ಲ. ಸಂತೋಷದಲ್ಲಿ ಅದನ್ನೂ ಕುಡಿದೆ.

ಮನೆಯವರಿಗೆ ಫೋನು ಮಾಡಿ, "ಹೂತಾಯ್ತು. ನೆಲ ಬಂಗಾರದಂಥದ್ದು" ಅಂದೆ.

ರಸ್ತೆ ಇದ್ದ ಜಾಗ

ಒಂದು ಬೆಳಿಗ್ಗೆ ಜೋನಮ್ಮ ನನ್ನನ್ನು ಹಿತ್ತಲಿನ ಕೊನೆಗೆ ಕರೆದುಕೊಂಡು ಹೋದಳು. ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಸುಜಾತನೂ ಬಂದಳು. ಜೋನಮ್ಮ ಬೇಲಿಯಾಚೆ ಬರೀ ಗಾಳಿಯ ಕಡೆ ಬೆರಳು ಮಾಡಿ ಏನೇನೋ ತೋರಿಸಿದಳು. ಅಲ್ಲೊಂದು, ಅದರ ಪಕ್ಕ ಇನ್ನೊಂದು, ಅದರ ಮುಂದೆ ಉದ್ದಕ್ಕೆ.

ಸುಜಾತ ಹೇಳಿದಳು, "ಅಲ್ಲಿ ರಸ್ತೆ ಇತ್ತಂತೆ. ರಸ್ತೆಯಾಚೆ ಮನೆಗಳಿದ್ವಂತೆ. ಅವಳು ಮದುವೆಯಾಗಿ ಬಂದಾಗ ಸಮುದ್ರ ನೋಡಬೇಕು ಅಂದ್ರೆ ಕೊಡೆ ಹಿಡ್ಕೊಂಡು ನಡೆದು ಹೋಗಬೇಕಿತ್ತಂತೆ."

ನಾನು ನೋಡಿದೆ. ಕಂಡದ್ದು ಆಕಾಶ, ಒಂದು ಬಿಳಿ ಹಕ್ಕಿ.

ನನಗೆ ಇದರಲ್ಲಿ ಹೆದರಿಕೆ ಏನೂ ಆಗಲಿಲ್ಲ. ಯಾಕೆಂದರೆ ನನ್ನ ತವರು ನರಸಿಂಹರಾಜಪುರದ ಕಡೆ, ಭದ್ರಾ ಹಿನ್ನೀರಿನ ದಡದಲ್ಲಿ. ನಮ್ಮ ಅಜ್ಜನ ಗದ್ದೆ, ದೇವಸ್ಥಾನಕ್ಕೆ ಹೋಗುವ ರಸ್ತೆ, ಸೇತುವೆ ಎಲ್ಲ ನೀರಿನೊಳಗೇ ಇವೆ. ಬೇಸಿಗೆಯಲ್ಲಿ ನೀರು ಇಳಿದರೆ ಮೇಲೆ ಬರುತ್ತವೆ. ನಾವು ಹೋಗಿ ಅಜ್ಜನ ಬಾವಿಕಟ್ಟೆ ಮುಟ್ಟಿ ಬರುತ್ತಿದ್ದೆವು. ಅದಕ್ಕೇ ಸುಜಾತನಿಗೆ, "ಬೇಸಿಗೆಯಲ್ಲಿ ಮೇಲೆ ಬರತ್ತಾ ಕೇಳು" ಅಂದೆ.

ಸುಜಾತ ಕೇಳಿದಳು. ಜೋನಮ್ಮ ತಲೆ ಅಲ್ಲಾಡಿಸಿ ಏನೋ ಹೇಳಿದಳು.

"ಅಮ್ಮ, ಮುಳುಗಿದ್ದಲ್ಲ ಅಂತೆ. ಇಲ್ವೇ ಇಲ್ಲ. ಅದು ನಿಂತಿದ್ದ ನೆಲವೇ ಇಲ್ಲ."

"ನೆಲ ಇಲ್ಲ ಅಂದ್ರೆ ಎಂತ? ನೆಲ ಎಲ್ಲಿ ಹೋಗತ್ತೆ?"

ಗಿರೀಶ ರಜೆಯ ದಿನ ನನ್ನನ್ನು ಮೆಟ್ಟಿಲಿಳಿಸಿ ಕೆಳಗೆ ಕಡಲ ಬದಿಗೆ ಕರೆದುಕೊಂಡು ಹೋದ. ಅಲ್ಲಿಂದ ತಿರುಗಿ ಮೇಲೆ ನೋಡಿದೆ, ಕಂಡದ್ದು ಧರೆ. ಗುಡ್ಡ ಕಡಿದಾಗ ಗೋಡೆಯ ಹಾಗೆ ನಿಲ್ಲುವ ಮಣ್ಣಿಗೆ ನಾವು ಧರೆ ಅನ್ನುತ್ತೇವೆ. ನಮ್ಮ ಪ್ರತಿ ಮನೆಯ ಹಿಂದೆ ಒಂದು ಧರೆ ಇರುತ್ತದೆ, ಮಳೆಗಾಲದಲ್ಲಿ ಅದರ ಕಡೆ ಒಂದು ಕಣ್ಣು ಇಟ್ಟೇ ನಾವು ಊಟ ಮಾಡುವುದು. ಇಲ್ಲಿ ಊರಿಗೆ ಊರೇ ಧರೆಯ ತುದಿಯಲ್ಲಿ ಕೂತಿದೆ. ಹಸಿ ಮಣ್ಣು, ಒಂದು ಹುಲ್ಲೂ ಇಲ್ಲ. ಮೇಲಿಂದ ಯಾರದ್ದೋ ಮನೆಯ ನೀರಿನ ಪೈಪು ಹೊರಗೆ ಚಾಚಿಕೊಂಡು ಗಾಳಿಯಲ್ಲಿ ನಿಂತಿದೆ. ಕೆಳಗೆ ಬಿದ್ದ ಮಣ್ಣಿನ ರಾಶಿಯನ್ನು ಅಲೆ ನೆಕ್ಕುತ್ತಿದೆ. ಸಮುದ್ರ ಅಷ್ಟು ದೂರದವರೆಗೆ ಕಾಫಿಯ ಬಣ್ಣ.

"ಇಷ್ಟು ಗೋಡು ಸುಮ್ಮನೆ ಹೋಗ್ತಿದೆಯಲ್ಲ ಮಾರಾಯ! ಯಾರೂ ಕಟ್ಟೆ ಕಟ್ಟಲ್ವಾ?"

"ಇಲ್ಲ ಅತ್ತೆ. ಸ್ವಲ್ಪ ದೂರದ ಪೇಟೆಗೆ ಗೋಡೆ ಕಟ್ಟಿದಾರೆ. ಇಲ್ಲಿ ಬಿಟ್ಟುಬಿಟ್ಟಿದಾರೆ. ಇಲ್ಲಿ ಕಟ್ಟಿದ್ರೆ ಮುಂದಿನ ಊರಿಗೆ ಮಣ್ಣು ಹೋಗಲ್ವಂತೆ, ಆಗ ಆ ಊರು ಇನ್ನೂ ಬೇಗ ಬೀಳತ್ತಂತೆ."

"ಬಿದ್ದ ಮಣ್ಣು ಹೋಗಿ ಇನ್ನೊಂದು ಊರನ್ನ ಕಾಯತ್ತಾ?"

"ಹಾಗಂತಾರೆ."

"ಹಾಗಾದ್ರೆ ಈ ಊರಿನ ಪಾಲಿಗೆ ಯಾವ ಊರಿನ ಮಣ್ಣು ಬರತ್ತೆ?"

ಗಿರೀಶ ತಲೆ ಕೆರೆದುಕೊಂಡ. "ಅತ್ತೆ, ನಾನು ಪೆಟ್ಟಿಗೆ ಎತ್ತಿಡೋನು."

ಮೆಟ್ಟಿಲು ಹತ್ತುವಾಗ ನನ್ನ ತಲೆಯಲ್ಲಿ ಇದ್ದದ್ದು ನೆಲ್ಲಿಪೊದೆ ಒಂದೇ. ನಾನು ಕೂಸಿನ ನೆಲೆಯನ್ನು ಧರೆಯ ತುದಿಯಲ್ಲಿ ಹೂತು ಬಂದಿದ್ದೆ. ತೆಗೆದು ಬೇರೆ ಕಡೆ ಇಡುವ ಹಾಗಿಲ್ಲ, ತೆಗೆಯುವುದು ನಾಯಿ ಕೆದರುವುದಕ್ಕಿಂತ ಕೆಟ್ಟದ್ದು. ಹಾಗಾದರೆ ಉಳಿದಿರುವುದು ಒಂದೇ, ಜೋನಮ್ಮನ ಧರೆ ಬೀಳದ ಹಾಗೆ ನೋಡಿಕೊಳ್ಳುವುದು.

ನನ್ನ ಅಗಳು

ಅಲ್ಲಿ ಮಳೆ ಶುರುವಾಗಿತ್ತು. ಮಳೆ ಅನ್ನೋಕೆ ನಾಚಿಕೆಯಾಗುತ್ತದೆ, ನಮ್ಮಲ್ಲಿ ಅದಕ್ಕೆ ಯಾರೂ ಕೊಡೆ ಬಿಚ್ಚಲ್ಲ. ಆದರೆ ದಿನಗಟ್ಟಲೆ ಬಿಡದೆ ಜಿನುಗುತ್ತದೆ. ಹಿತ್ತಲಿನ ಹುಲ್ಲು ಕಾಲಿಟ್ಟರೆ ಪಚಪಚ ಅನ್ನುತ್ತಿತ್ತು.

ಧರೆ ಉಳಿಸೋದು ನನಗೆ ಗೊತ್ತಿಲ್ಲದ ಕೆಲಸವಾ? ಮೇಗುಂದದಲ್ಲಿ ನನ್ನ ನಾದಿನಿಯ ಮನೆಯ ಧರೆಗೆ ನಾನೇ ನಿಂತು ಮಾಡಿಸಿದ್ದೇನೆ. ಧರೆಯ ಮೇಲೆ, ತುದಿಯಿಂದ ಸ್ವಲ್ಪ ಒಳಗೆ, ಅಡ್ಡಕ್ಕೆ ಒಂದು ಅಗಳು ತೋಡಬೇಕು. ಅಗಳು ಅಂದರೆ ಆಳದ ಕಾಲುವೆ. ಮೇಲಿಂದ ಬರುವ ನೀರು ಅದರಲ್ಲಿ ಬಿದ್ದು ಪಕ್ಕಕ್ಕೆ ಹರಿದು ಹೋಗುತ್ತದೆ, ಧರೆಗೆ ಇಳಿಯುವುದಿಲ್ಲ.

ಸುಜಾತ ಕೂಸಿನ ಜೊತೆ ಮಲಗಿದ್ದಳು. ನಾನು ಜೋನಮ್ಮನ ಬಾಗಿಲು ತಟ್ಟಿ, ಎರಡು ಕೈಯಲ್ಲಿ ಅಗೆಯುವ ಹಾಗೆ ಮಾಡಿ ತೋರಿಸಿದೆ. ಅವಳು ಸಂತೋಷದಿಂದ ಗಂಡನ ಸಲಿಕೆ ತಂದುಕೊಟ್ಟಳು. ತರಕಾರಿ ಮಡಿ ಮಾಡುತ್ತಿದ್ದೇನೆ ಅಂದುಕೊಂಡಳಂತೆ. ಸ್ವಲ್ಪ ಹೊತ್ತಿಗೆ ಬಟಾಟೆ ಗಡ್ಡೆಯ ಒಂದು ಚೀಲವನ್ನೂ ತಂದು ಪಕ್ಕದಲ್ಲಿಟ್ಟಳು. ನಾನು ಬೇಡ ಅಂದೆ, ಅವಳು ಹೌದು ಅಂದಳು. ನಾನು ಸಮುದ್ರ ತೋರಿಸಿದೆ, ಅವಳು ಬಟಾಟೆ ತೋರಿಸಿದಳು. ಹೀಗೆ ಇಬ್ಬರೂ ನಗುತ್ತಾ ಮಾತಾಡಿದೆವು, ಒಬ್ಬರಿಗೂ ಏನೂ ತಿಳಿಯಲಿಲ್ಲ.

ನೆಲ್ಲಿಪೊದೆಯ ಮನೆಕಡೆ ಬದಿಗೆ, ಹಿತ್ತಲಿನ ಈ ಬೇಲಿಯಿಂದ ಆ ಬೇಲಿಯವರೆಗೆ ಅಗಳು ತೋಡಿದೆ. ಬೆನ್ನು ಹಿಡಿದುಕೊಂಡಿತು, ಆದರೂ ನೋಡೋಕೆ ಚಂದ ಆಗಿತ್ತು. ನೂಲು ಹಿಡಿದ ಹಾಗೆ ನೇರ.

ಸಂಜೆ ಗಿರೀಶ ಬಂದು ನೋಡಿದ. "ಅತ್ತೆ, ನೀರು ಎಲ್ಲಿಗೆ ಹೋಗತ್ತೆ?"

"ಪಕ್ಕಕ್ಕೆ."

"ಪಕ್ಕದಲ್ಲಿ ಇಳಿಜಾರೇ ಇಲ್ವಲ್ಲ."

ನೋಡಿದೆ, ನಿಜ. ನಮ್ಮಲ್ಲಿ ಇಳಿಜಾರು ಹುಡುಕಬೇಕಾದ್ದೇ ಇಲ್ಲ, ಕಾಲು ಜಾರಿದರೆ ಪಕ್ಕದ ಮನೆಯವರ ತೋಟದಲ್ಲಿ ಏಳುತ್ತೇವೆ. ಇಲ್ಲಿ ನೆಲ ಚಾಪೆ ಹಾಸಿದ ಹಾಗೆ ಮಟ್ಟ. ನೀರು ಅಗಳಿನಲ್ಲಿ ಬಂದು ತುಂಬಿ, ನನ್ನ ಮುಖ ತೋರಿಸುತ್ತಾ ನಿಂತಿತ್ತು.

"ಇರಲಿ ಬಿಡು, ಇಂಗತ್ತೆ" ಅಂದೆ.

ಇಂಗಿತು. ಅದೇ ಆದದ್ದು.

ಪೊದೆ ಇಲ್ಲದ ಬೆಳಿಗ್ಗೆ

ಜೋರು ಗಾಳಿ ಬೀಸಿದ ಮಾರನೆಯ ಬೆಳಿಗ್ಗೆ ಕೂಸಿಗೆ ಎಣ್ಣೆ ಹಚ್ಚುತ್ತಿದ್ದೆ. ಕಿಟಕಿಯಿಂದ ಸುಜಾತ "ಅಮ್ಮಾ" ಅಂದಳು. ಆ ಅಮ್ಮ ಬೇರೆ ತರ ಇತ್ತು.

ಹಿತ್ತಲು ಅರ್ಧ ಇತ್ತು. ಬೇಲಿಯ ಕಂಬವೊಂದು ತಂತಿಯಲ್ಲಿ ನೇತಾಡುತ್ತಿತ್ತು. ನೆಲ್ಲಿಪೊದೆ ಇಲ್ಲ. ನೆಲ ಒಡೆದದ್ದು ಎಲ್ಲಿ ಅಂತ ನೋಡಿದರೆ, ನಾನು ತೋಡಿದ ಅಗಳಿನ ಗುಂಟ. ನೂಲು ಹಿಡಿದ ಹಾಗೆ ನೇರ. ಹಲಸಿನ ಹಣ್ಣಿಗೆ ಚಾಕು ಹಾಕಿ ಗೆರೆ ಮಾಡಿಕೊಟ್ಟರೆ ಅಲ್ಲೇ ಬಿಚ್ಚುತ್ತದಲ್ಲ, ಹಾಗೆ ಬಿಚ್ಚಿಕೊಂಡು ಹೋಗಿತ್ತು.

ನಾನು ಓಡಿದೆ. ಯಾರ ಬೂಟು ಹಾಕಿಕೊಂಡೆನೋ ಗೊತ್ತಿಲ್ಲ, ಎರಡೂ ಎಡಗಾಲಿನದಿದ್ದ ಹಾಗಿತ್ತು. ಕೆಳಗೆ ಮಣ್ಣಿನ ಗುಡ್ಡೆ ಬಿದ್ದಿತ್ತು, ಇನ್ನೂ ಹಸಿ. ಪೊದೆ ತಲೆಕೆಳಗಾಗಿ ಕಾಲು ಮೇಲೆ ಮಾಡಿಕೊಂಡಿತ್ತು. ಅದರ ಬೇರಿನ ಸುತ್ತ ಕೈ ಹಾಕಿ ಕೆದರಿದೆ. ಹಳದಿ ಬಟ್ಟೆ, ಹಳದಿ ಬಟ್ಟೆ ಅಂತ ಬಾಯಲ್ಲಿ ಹೇಳಿಕೊಳ್ಳುತ್ತಿದ್ದೆನಂತೆ. ಕೆಳಗಿನಿಂದ ಅಲೆ ಬಂದು ಗುಡ್ಡೆಯ ಒಂದೊಂದು ತುತ್ತು ತೆಗೆದುಕೊಂಡು ಹೋಗುತ್ತಿತ್ತು.

"ಅತ್ತೆ! ಧರೆ ಬುಡದಿಂದ ಈಚೆ ಬನ್ನಿ! ಇನ್ನೂ ಬೀಳತ್ತೆ!" ಗಿರೀಶ ಕೆಲಸದ ಬಟ್ಟೆಯಲ್ಲೇ ಓಡಿ ಬಂದು ಮೇಲೆ ನೋಡುತ್ತಾ ಕೂಗುತ್ತಿದ್ದ.

"ನೀನು ಮೇಲೆ ನೋಡ್ತಾ ಇರು, ಬಿದ್ದರೆ ಹೇಳು."

"ಬಿದ್ದ ಮೇಲೆ ಹೇಳಿ ಏನು ಮಾಡೋದು?"

ಅಷ್ಟರಲ್ಲಿ ಜೋನಮ್ಮ ಬಂದಳು. ಕೈಯಲ್ಲಿ ಹಿಟ್ಟು ಜರಡಿ. ಬೈಯುತ್ತಾಳೆ ಅಂದುಕೊಂಡೆ, ಬೈಯಬೇಕಾದ್ದೇ. ನಾನು ಅಗಳಿನ ಕಡೆ ತೋರಿಸಿ ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡೆ. ಅವಳು ನನ್ನ ಕೈ ಹಿಡಿದು ಕೆಳಗಿಳಿಸಿದಳು. ಗಿರೀಶನಿಗೆ ಏನೋ ಹೇಳಿದಳು.

"ಈ ಚಳಿಗಾಲ ಅಲ್ಲದಿದ್ರೆ ಮುಂದಿನದ್ದಕ್ಕೆ ಹೋಗ್ತಿತ್ತು ಅಂತಾಳೆ. ನೆಟ್ಟಗೆ ಕತ್ತರಿಸಿ ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಅಂತೆ."

ಆಮೇಲೆ ಅವಳೂ ಬಗ್ಗಿ ಮಣ್ಣು ಜರಡಿಗೆ ಹಾಕಿ ಅಲೆಯ ನೀರಲ್ಲಿ ತೊಳೆದು ನೋಡತೊಡಗಿದಳು. ಇಬ್ಬರು ಮುದುಕಿಯರು, ನಡುವೆ ಜರಡಿ. ದಾರಿಯಲ್ಲಿ ನಾಯಿ ತಿರುಗಿಸುತ್ತಿದ್ದವರೊಬ್ಬರು ಚಿನ್ನ ಹುಡುಕುತ್ತಿದ್ದಾರೆ ಅಂದುಕೊಂಡು ಸ್ವಲ್ಪ ಹೊತ್ತು ನಿಂತು ನೋಡಿ ಹೋದರು.

ಕಲ್ಲು ಸಿಕ್ಕಿತು. ಒಂದು ಬಟ್ಟಲಿನ ಕಿವಿ ಸಿಕ್ಕಿತು. ನನ್ನ ಅಡಿಕೆಯೇ ಸಿಕ್ಕಿತು ಅಂತ ಒಮ್ಮೆ ಕುಣಿದೆ, ಅದೂ ಕಲ್ಲು. ಆಮೇಲೆ ಜೋನಮ್ಮ ಒಮ್ಮೆಲೇ ನಿಂತಳು. ಅವಳ ಜರಡಿಯಲ್ಲಿ ಒಂದು ಚರ್ಮದ ಪಟ್ಟಿ, ತುಕ್ಕು ಹಿಡಿದ ಬಕಲ್ಲು. ಅವಳ ನಾಯಿಯ ಕುತ್ತಿಗೆಯದ್ದಂತೆ. ಗಂಡ ಬದುಕಿದ್ದಾಗ ಅವನೇ ಪೊದೆಯ ಹತ್ತಿರ ಹೂತಿದ್ದನಂತೆ. ಅದರ ಹೆಸರು ಹೇಳಿದಳು, ಒಂದು ಸಲ ಹೇಳಿದಳು, ಮತ್ತೆ ಹೇಳಿದಳು. ನಾನು ಸೆರಗಿನ ತುದಿ ಕೊಟ್ಟೆ. ಅವಳು ಕಣ್ಣು ಒರೆಸಿಕೊಳ್ಳದೆ ಪಟ್ಟಿಯ ಮಣ್ಣು ಒರೆಸಿದಳು.

ಹಳದಿ ಬಟ್ಟೆ ಸಿಗಲಿಲ್ಲ. ನೀರು ಏರಿ ಗುಡ್ಡೆಯನ್ನು ಮುಟ್ಟಿತು. ಗಿರೀಶ ನಮ್ಮಿಬ್ಬರನ್ನೂ ರೆಟ್ಟೆ ಹಿಡಿದು ಎಳೆದುಕೊಂಡು ಬಂದ. ಮೆಟ್ಟಿಲ ಮೇಲಿಂದ ನೋಡುತ್ತಿದ್ದ ಹಾಗೆ ಪೊದೆ ಎದ್ದಿತು, ಒಂದು ಸುತ್ತು ತಿರುಗಿತು, ಬಲಗಡೆಗೆ ಹೊರಟಿತು. ನೇರ ಸಮುದ್ರದ ಒಳಗೆ ಹೋಗಲಿಲ್ಲ. ದಡದ ಗುಂಟ, ಯಾರೋ ಕರೆದ ಹಾಗೆ, ಬಲಗಡೆಗೇ.

ಮರಳಿನ ಮೂತಿ

ಆಮೇಲೆ ನಾನು ಊಟ ಸರಿಯಾಗಿ ಮಾಡಲಿಲ್ಲ. ಕೂಸು ನಗೋಕೆ ಕಲಿತಿತ್ತು, ನನ್ನನ್ನು ನೋಡಿದರೆ ಬಾಯಿ ಅಗಲ ಮಾಡುತ್ತಿತ್ತು. ಅದು ನಕ್ಕಾಗೆಲ್ಲ ನಾನು ಮುಖ ಆ ಕಡೆ ತಿರುಗಿಸುತ್ತಿದ್ದೆ. ಇಂಥ ಕೂಸನ್ನು ನೆಲೆ ಇಲ್ಲದ ಹಾಗೆ ಮಾಡಿದೆನಲ್ಲ, ಅದೂ ನನ್ನ ಕೈಯಾರೆ ಸಲಿಕೆ ಹಿಡಿದು.

ಜೋನಮ್ಮ ಒಂದು ಭಾನುವಾರ ತನ್ನ ಪುಟ್ಟ ಕಾರು ತೆಗೆದು, ಹತ್ತಿ ಅಂದಳು. ಎಲ್ಲಿಗೆ ಅಂದರೆ, ಮಣ್ಣು ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಅಂದಳಂತೆ. ಸುಜಾತ, ಗಿರೀಶ, ಕೂಸು, ನಾನು ಅದರೊಳಗೆ ತುಂಬಿಕೊಂಡೆವು. ದಡದ ಗುಂಟ ದಕ್ಷಿಣಕ್ಕೆ ಹೋಗಿ ಹೋಗಿ ರಸ್ತೆ ಮುಗಿಯಿತು. ಅಲ್ಲಿಂದ ನಡೆದೆವು. ಎರಡೂ ಕಡೆ ನೀರು, ನಡುವೆ ಹಂದಿಯ ಮೂತಿಯ ಹಾಗೆ ಸಮುದ್ರಕ್ಕೆ ಚಾಚಿಕೊಂಡ ಮರಳು. ಹುಲ್ಲು ಅಲ್ಲಲ್ಲಿ ಹಿಡಿದಿತ್ತು.

ಹಕ್ಕಿ ನೋಡಲು ಬಂದ ಒಬ್ಬ ಮನುಷ್ಯ ಜೋನಮ್ಮನಿಗೆ ಗುರುತಿನವನು. ಅವನು ಹೇಳಿದ್ದನ್ನು ಸುಜಾತ ನನಗೆ ಹೇಳಿದಳು. ಮೇಲಿನ ಊರುಗಳಿಂದ ಬಿದ್ದದ್ದನ್ನೆಲ್ಲ ಸಮುದ್ರ ದಡದ ಗುಂಟ ಎಳೆದುಕೊಂಡು ಬಂದು ಇಲ್ಲಿ ಹಾಕುತ್ತದಂತೆ. ಹಾಕಿ ಹಾಕಿಯೇ ಈ ಜಾಗ ಆದದ್ದಂತೆ.

"ಇದು ಮರಳು" ಅಂದೆ ನಾನು. "ಅಲ್ಲಿ ಬಿದ್ದದ್ದು ಜೇಡಿಮಣ್ಣು. ನನಗೆ ಮಣ್ಣು ಗೊತ್ತಿಲ್ವಾ?"

"ಜೇಡಿ ಕರಗಿ ದೂರ ಹೋಗತ್ತಂತೆ. ಅದರಲ್ಲಿದ್ದ ಮರಳು ಇಲ್ಲಿ ನಿಲ್ಲತ್ತಂತೆ. ಕರಗಿದ್ದು ಆ ಕಡೆ ನದಿ ಬಾಯಲ್ಲಿ ಕೆಸರಾಗಿ ಕೂರತ್ತಂತೆ, ಸ್ವಲ್ಪ."

"ಸ್ವಲ್ಪ? ಉಳಿದದ್ದು?"

"ಅದು ಅವರಿಗೂ ಸರಿಯಾಗಿ ಗೊತ್ತಿಲ್ವಂತೆ."

"ಮತ್ತೆ ನಮ್ಮ ಬಟ್ಟೆ ಗಂಟು?"

ಗಿರೀಶ ಗಂಭೀರವಾಗಿ, "ಅತ್ತೆ, ಅದು ಇಷ್ಟೊತ್ತಿಗೆ ಹಾಲೆಂಡಲ್ಲಿ ರೂಮು ಮಾಡಿರತ್ತೆ" ಅಂದ. ನನಗೆ ಅಳು ಬಂದುಬಿಟ್ಟಿತು. ಸುಜಾತ ಅವನ ಬೆನ್ನಿಗೆ ಗುದ್ದಿದಳು. ಆಮೇಲೆ ನನ್ನ ಪಕ್ಕ ಬಂದು ನಿಂತಳು.

"ಅಮ್ಮ, ನನ್ನದನ್ನ ಎಲ್ಲಿ ಹೂತಿದ್ರಿ?"

"ಕೊಟ್ಟಿಗೆ ಹಿಂದೆ. ಜಂಬಿಟ್ಟಿಗೆ ನೆಲ, ಕಲ್ಲಿನ ಹಾಗೆ. ನಿನ್ನಪ್ಪ ಹಾರೆ ಹಾಕಿದರೆ ಕಿಡಿ ಹಾರ್ತಿತ್ತು. ಬೆವರು ಸುರಿಸಿ ಗುಂಡಿ ತೆಗೆದ."

"ಈಗಲೂ ಇದೆಯಾ ಅಲ್ಲಿ?"

"ಇಲ್ಲದೆ ಎಲ್ಲಿ ಹೋಗತ್ತೆ? ಆ ನೆಲ ಅಲ್ಲಾಡಲ್ಲ."

"ಅದು ಅಲ್ಲೇ ಇದೆ" ಅಂದಳು ಸುಜಾತ. "ನಾನೆಲ್ಲಿದ್ದೀನಿ?"

ನಾನು ಏನೋ ಹೇಳೋಕೆ ಬಾಯಿ ತೆಗೆದೆ. ಗಾಳಿಗೆ ಒಂದಿಷ್ಟು ಮರಳು ಒಳಗೆ ಹೋಯಿತು. ನನ್ನ ಅತ್ತೆ ಇದಕ್ಕೆ ಉತ್ತರ ಹೇಳಿಕೊಟ್ಟಿರಲಿಲ್ಲ. ಅವರ ಕಾಲದಲ್ಲಿ ಯಾರೂ ಕೇಳಿರಲಿಲ್ಲವೋ ಏನೋ. ಜಂಬಿಟ್ಟಿಗೆಯಲ್ಲಿ ಇಟ್ಟ ಮಗಳು ಹೊರಟು ಇಲ್ಲಿಗೆ ಬಂದಿದ್ದಾಳೆ. ಹಾಗಾದರೆ ನೀರಿಗೆ ಹೋದ ಕೂಸು ಏನು ಮಾಡುತ್ತದೆ? ಅಲೆಯುತ್ತದಾ, ನಿಲ್ಲುತ್ತದಾ? ನೆಲವೇ ಅಲೆಯುವುದಾದರೆ ನಿಂತದ್ದು ಯಾವುದು? ನಾಲ್ಕನೇ ಕ್ಲಾಸಿಗೆ ಇಷ್ಟು ದೊಡ್ಡ ಲೆಕ್ಕ ಬರುವುದಿಲ್ಲ.

ಹಕ್ಕಿಯ ಮನುಷ್ಯ ನಾವು ನಿಂತಿದ್ದ ತುದಿ ತೋರಿಸಿ, ಇಷ್ಟು ಭಾಗ ಈ ಚಳಿಗಾಲದ್ದೇ, ಮೊದಲು ಇಲ್ಲಿ ನೀರಿತ್ತು ಅಂದನಂತೆ. ಅಂದರೆ ನಮ್ಮ ಕೂಸಿಗಿಂತ ಚಿಕ್ಕ ನೆಲ. ನೆಲಕ್ಕೂ ಹಸುಗೂಸಿನ ವಯಸ್ಸಿರುತ್ತದೆ ಅಂತ ನಾನು ಕನಸಲ್ಲೂ ಎಣಿಸಿರಲಿಲ್ಲ. ಇದಕ್ಕೆ ಇನ್ನೂ ಹೆಸರಿಟ್ಟಿರಲಿಕ್ಕಿಲ್ಲ ಅಂತ ಬಂತು ಮನಸ್ಸಿಗೆ, ಯಾಕೋ ಅಳುವಿನ ನಡುವೆಯೇ ನಗು ಉಕ್ಕಿತು.

ಜೋನಮ್ಮ ಅಷ್ಟು ಹೊತ್ತೂ ಬಗ್ಗಿ ಒಂದು ಮುಷ್ಟಿ ಮರಳು ತೆಗೆದು ಬೆರಳಲ್ಲಿ ಆಡಿಸುತ್ತಿದ್ದಳು. ಆಮೇಲೆ ಎದ್ದು, ಚೀಲದಿಂದ ಒಂದು ಕಂಬಳಿ ತೆಗೆದು ಮರಳ ಮೇಲೆ ಹಾಸಿದಳು, ಫ್ಲಾಸ್ಕು ಇಟ್ಟಳು, ಬಿಸ್ಕತ್ತು ಇಟ್ಟಳು. ಮನೆಗೆ ಬಂದ ನೆಂಟರಿಗೆ ಮಾಡುವ ಹಾಗೆ ಕೈ ಚಾಚಿ ಒಂದು ಮಾತು ಹೇಳಿದಳು. ಸುಜಾತ ನಗುತ್ತಾ ಹೇಳಿದಳು, "ನನ್ನ ಹಿತ್ತಲಿಗೆ ಬಂದಿದೀರಿ, ನಿಂತೇ ಇದ್ದೀರಲ್ಲ, ಕೂತ್ಕೊಳ್ಳಿ ಅಂತಾಳೆ."

ನಾನು ಕೂಸನ್ನು ಎದೆಗವಚಿಕೊಂಡು ಮೆಲ್ಲಗೆ ಕೂತೆ. ಕೆಳಗಿನ ಮರಳು ಸರಕ್ಕನೆ ಸ್ವಲ್ಪ ಇಳಿಯಿತು. ಆಮೇಲೆ ನಿಂತಿತು.